ಹೊಸೂರು ರಸ್ತೆಯ ಹಾವು ಏಣಿಯಾಟ

ಸಂಬಂಧಿಕರ ಮನೆಯ ಮದುವೆಯಲ್ಲಿ ಊಟಕ್ಕೆ ಕಾಯುತ್ತಾ ಕುಳಿತಿದ್ದೆ. ಪಕ್ಕದಲ್ಲಿದ್ದ ಯುವಕನ ಮೊಬೈಲು 'ಟಿಂಗ್' ಎಂದಿತು. ಅವನು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ಎಂಜಿನಿಯರ್. ಮೊಬೈಲಿನ ಪರದೆಯ ಮೇಲೆ ಮೂರು ಹಸಿರು ಎಲೆಗಳು ಕುಣಿಯುತ್ತಿದ್ದವು. ಏನಿದು ಎಂದು ವಿಚಾರಿಸಿದೆ. ಅವರ ಕಂಪೆನಿ ನೌಕರರಿಗಾಗಿ ಒಂದು ಆಟ ಆರಂಭಿಸಿದೆಯಂತೆ. ಕಾರು ಬಿಟ್ಟು ಬಸ್ಸಿನಲ್ಲೋ ಸೈಕಲಿನಲ್ಲೋ ಬಂದರೆ, ಇಲ್ಲವೇ ಒಂದೇ ಕಾರಿನಲ್ಲಿ ನಾಲ್ವರು ಸೇರಿ ಬಂದರೆ ಎಲೆಗಳು ಸಿಗುತ್ತವೆ. ಎಲೆಗಳು ಕೂಡಿದರೆ ಮರವಾಗುತ್ತದೆ. ಹೆಚ್ಚು ಮರಗಳಿದ್ದವರ ಹೆಸರು ಪಟ್ಟಿಯಲ್ಲಿ ಮೇಲಕ್ಕೇರುತ್ತದೆ. ತಿಂಗಳ ಕೊನೆಗೆ ಬಹುಮಾನವೂ ಇದೆ. ಅಂದು ವಾರದ ಲೆಕ್ಕ ಬಂದಿತ್ತು. "ನಮ್ಮ ತಂಡ ಈಗ ಎರಡನೆಯ ಸ್ಥಾನದಲ್ಲಿದೆ" ಎಂದು ಅವನು ಹುರುಪಿನಿಂದ ಹೇಳಿದ.

ನಾನು ಸಹಜವಾಗಿಯೇ ಕೇಳಿದೆ: "ನಿಮ್ಮ ಮಹಡಿಯನ್ನು ಗುಡಿಸಿ ಒರೆಸುವವರು ಕೆಲಸಕ್ಕೆ ಹೇಗೆ ಬರುತ್ತಾರೆ?" ಅವನು ಸ್ವಲ್ಪ ಹೊತ್ತು ಸುಮ್ಮನಾದ. "ಗೊತ್ತಿಲ್ಲ. ಕೇಳಿ ಹೇಳುತ್ತೇನೆ" ಎಂದ. ಮಾತು ತಪ್ಪುವವನಲ್ಲ, ವಾರದ ಬಳಿಕ ಫೋನ್ ಮಾಡಿದ. ಅವನು ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಈ ಆಟದ ಕತೆಯನ್ನು ಸ್ವಲ್ಪ ನೋಡಬೇಕು. ಏಕೆಂದರೆ ಈ ಕತೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ.

2008ರ ಹೊಸೂರು ರಸ್ತೆಯನ್ನು ಕಂಡವರಿಗೆ ಅದರ ವರ್ಣನೆ ಬೇಕಾಗಿಲ್ಲ. ಮೇಲ್ಸೇತುವೆ ಇನ್ನೂ ಕಟ್ಟಿ ಮುಗಿದಿರಲಿಲ್ಲ. ಅದು ಸಂಚಾರಕ್ಕೆ ತೆರೆದದ್ದು 2010ರಲ್ಲಿ. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ವಾಹನಗಳು ಇರುವೆಯ ಸಾಲಿನಂತೆ ತೆವಳುತ್ತಿದ್ದವು. ಆ ವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕಾದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾಲಾಜಿ ಪ್ರಭಾಕರ್ ಮತ್ತು ಅವರ ಸಂಗಡಿಗರು ಇನ್ಫೋಸಿಸ್ ಕಂಪೆನಿಯ ಜೊತೆಗೂಡಿ ಒಂದು ಪ್ರಯೋಗ ಮಾಡಿದರು. ಅದರಲ್ಲಿ ಸುಮಾರು 14,000 ಮಂದಿ ನೌಕರರು ಒಳಗೊಂಡರು. ನಿಯಮ ಸರಳವಾಗಿತ್ತು. ದಟ್ಟಣೆಯ ಹೊತ್ತಿಗೆ ಮೊದಲೇ, ಅಂದರೆ ಬೆಳಗ್ಗೆ ಎಂಟೂವರೆಯೊಳಗೆ ಕಚೇರಿ ತಲುಪಿದವರಿಗೆ ಅಂಕ. ಎಂಟಕ್ಕೆ ಮೊದಲೇ ಬಂದವರಿಗೆ ಇನ್ನೂ ಸ್ವಲ್ಪ ಹೆಚ್ಚು. ಅಂಕಗಳ ಆಧಾರದ ಮೇಲೆ ಪ್ರತಿ ವಾರ ಒಂದು ಚೀಟಿ ಎತ್ತುವಿಕೆ. ವಾರದ ಒಟ್ಟು ಬಹುಮಾನ 96,000 ರೂಪಾಯಿ. ಅದನ್ನು 500 ರೂಪಾಯಿಯಿಂದ 12,000 ರೂಪಾಯಿಯವರೆಗಿನ ಬಹುಮಾನಗಳಾಗಿ ಹಂಚಲಾಗಿತ್ತು.

ಆರು ತಿಂಗಳ ಬಳಿಕ ಲೆಕ್ಕ ಹಾಕಿದಾಗ, ಎಂಟೂವರೆಗೆ ಮೊದಲು ಬರುವವರ ಸಂಖ್ಯೆ ದುಪ್ಪಟ್ಟಾಗಿತ್ತು. ಕಂಪೆನಿಯ ಬಸ್ಸುಗಳಲ್ಲಿ ಬರುವವರ ಬೆಳಗಿನ ಸರಾಸರಿ ಪ್ರಯಾಣದ ಅವಧಿ 71 ನಿಮಿಷದಿಂದ 54 ನಿಮಿಷಕ್ಕೆ ಇಳಿದಿತ್ತು. ಹದಿನೇಳು ನಿಮಿಷ ಎಂಬುದು ಸಣ್ಣ ಸಂಗತಿಯಲ್ಲ. ಅಷ್ಟು ಹೊತ್ತು ಎಂಜಿನ್ ಉರಿಯುವುದು ತಪ್ಪಿತು; ಅಷ್ಟು ಹೊಗೆ ಕಡಿಮೆಯಾಯಿತು; ಅಷ್ಟು ಹೊತ್ತು ಒಂದು ಮನೆಯವರಿಗೆ ತಮ್ಮ ಮನುಷ್ಯ ಉಳಿದ. ಇದಕ್ಕಾಗಿ ಹೊಸ ರಸ್ತೆ ಕಟ್ಟಲಿಲ್ಲ, ಮರ ಕಡಿಯಲಿಲ್ಲ, ಯಾರ ಮನೆಯನ್ನೂ ಕೆಡವಲಿಲ್ಲ. ಇದನ್ನು ಮೆಚ್ಚದೆ ಇರಲು ಕಾರಣವಿಲ್ಲ.

ಈ ಪ್ರಯೋಗ ಅಲ್ಲಿಗೇ ನಿಲ್ಲಲಿಲ್ಲ. ಅದೇ ತಂಡ 2012ರಲ್ಲಿ ಸಿಂಗಾಪುರದ ರೈಲು ಪ್ರಯಾಣಿಕರಿಗಾಗಿ ಇಂತಹದೇ ಒಂದು ಯೋಜನೆ ಆರಂಭಿಸಿತು. ಅದೇ ವರ್ಷ ಸ್ಟಾನ್‌ಫರ್ಡಿನ ಆವರಣಕ್ಕೆ ಕಾರಿನಲ್ಲಿ ಬರುವವರಿಗೂ ಒಂದು ಯೋಜನೆ ಬಂತು. ಗಳಿಸಿದ ಅಂಕಗಳನ್ನು ನಿಶ್ಚಿತ ಹಣವಾಗಿ ಪಡೆಯಬಹುದಿತ್ತು. ಇಲ್ಲವೇ ಅದೃಷ್ಟದ ಆಟಕ್ಕೆ ಹಾಕಿ ಹೆಚ್ಚು ಗೆಲ್ಲಲು ಯತ್ನಿಸಬಹುದಿತ್ತು. ಸಿಂಗಾಪುರದಲ್ಲಿ ಬಹುಪಾಲು ಮಂದಿ ಆರಿಸಿಕೊಂಡದ್ದು ಅದೃಷ್ಟವನ್ನೇ. ಆ ಆಟದ ರೂಪ ಯಾವುದು ಗೊತ್ತೇ? ನಮ್ಮ ಹಾವು ಏಣಿಯಾಟದ ಮಾದರಿ.

ಈ ಬಗೆಯ ಉಪಾಯಕ್ಕೆ ಈಗ 'ಗೇಮಿಫಿಕೇಷನ್' ಎಂಬ ಹೆಸರಿದೆ. ಆಟವಲ್ಲದ ವಿಷಯಕ್ಕೆ ಆಟದ ಅಂಗಗಳನ್ನು, ಅಂದರೆ ಅಂಕ, ಪದಕ, ಮಟ್ಟ, ಪೈಪೋಟಿಯ ಪಟ್ಟಿಗಳನ್ನು ಜೋಡಿಸುವುದು ಎಂದು ಅರ್ಥ. 2010ರ ಬಳಿಕ ಈ ಪದ ಎಲ್ಲೆಡೆ ಹಬ್ಬಿತು. ಬೆಂಗಳೂರಿನ ಸೈಕಲ್ ಪ್ರಿಯರು ಕೂಡ, ಯಾವ ಕಂಪೆನಿಯವರು ಕೆಲಸಕ್ಕೆ ಹೆಚ್ಚು ಕಿಲೋಮೀಟರ್ ಸೈಕಲ್ ತುಳಿದರು ಎಂಬ ಪೈಪೋಟಿ ನಡೆಸಿದ್ದುಂಟು. ಹೀಗಾಗಿ ನನ್ನ ಪಕ್ಕದ ಯುವಕನ ಮೊಬೈಲಿನಲ್ಲಿ ಕುಣಿದ ಎಲೆಗಳಿಗೆ ಸಾಕಷ್ಟು ದೊಡ್ಡ ವಂಶಾವಳಿಯೇ ಇದೆ.

ಇಲ್ಲಿ ಒಂದು ಹಳೆಯ ಪ್ರಶ್ನೆ ಹೊಸ ಅಂಗಿ ತೊಟ್ಟು ನಿಲ್ಲುತ್ತದೆ. ಬಹುಮಾನಕ್ಕಾಗಿ ಮಾಡಿದ ಒಳಿತು ಒಳಿತೇ?

ಮೊದಲ ಉತ್ತರ ಸುಲಭವಾಗಿದೆ ಮತ್ತು ಗಟ್ಟಿಯಾಗಿದೆ. ಗಾಳಿ ಯಾರ ಉದ್ದೇಶವನ್ನೂ ಕೇಳುವುದಿಲ್ಲ. ಕಾರು ರಸ್ತೆಗಿಳಿಯದಿದ್ದರೆ ಹೊಗೆ ಬರುವುದಿಲ್ಲ, ಅಷ್ಟೇ. ಚಾಲಕ ಭೂಮಿಯ ಮೇಲಿನ ಪ್ರೀತಿಯಿಂದ ಕಾರು ಬಿಟ್ಟನೋ, ಹನ್ನೆರಡು ಸಾವಿರ ರೂಪಾಯಿಯ ಆಸೆಯಿಂದ ಬಿಟ್ಟನೋ, ರಸ್ತೆ ಬದಿಯಲ್ಲಿ ಕುಳಿತು ಸೊಪ್ಪು ಮಾರುವ ಹೆಂಗಸಿನ ಶ್ವಾಸಕೋಶಕ್ಕೆ ಎರಡೂ ಒಂದೇ. ಉದ್ದೇಶದ ಶುದ್ಧಿಯನ್ನು ಕಾಯುತ್ತಾ ಕುಳಿತರೆ ಅವಳ ಕೆಮ್ಮು ನಿಲ್ಲುವುದಿಲ್ಲ. ನೀತಿಯ ಬಗ್ಗೆ ಬರೆಯುವವರು ಈ ಉತ್ತರವನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ.

ಆದರೂ ಮನಸ್ಸಿನಲ್ಲಿ ಏನೋ ಕೊರೆಯುತ್ತದೆ. ಆ ಕೊರೆತ ಯಾವುದೆಂದು ಒಂದೊಂದಾಗಿ ನೋಡೋಣ.

ಮೊದಲನೆಯದು ಲಾಟರಿಯ ವಿಷಯ. ಕರ್ನಾಟಕದಲ್ಲಿ 2007ರ ಏಪ್ರಿಲ್‌ನಿಂದ ಲಾಟರಿ ನಿಷೇಧವಾಗಿದೆ. ಕೂಲಿಯ ಹಣವನ್ನೆಲ್ಲ ಟಿಕೆಟ್ಟಿಗೆ ಸುರಿದು ಬೀದಿಗೆ ಬಿದ್ದ ಕುಟುಂಬಗಳನ್ನು ನಾವೆಲ್ಲ ಕಂಡಿದ್ದೇವೆ. ಮರುವರ್ಷವೇ ಅದೇ ರಾಜ್ಯದ ಒಂದು ದೊಡ್ಡ ಕಂಪೆನಿಯಲ್ಲಿ ವಾರಕ್ಕೊಮ್ಮೆ ಅದೃಷ್ಟದ ಚೀಟಿ ಎತ್ತಲಾಯಿತು ಎಂದರೆ ವಿಚಿತ್ರವೆನಿಸಬಹುದು. ಆದರೆ ನ್ಯಾಯವಾಗಿ ನೋಡಿದರೆ ಇವೆರಡೂ ಒಂದೇ ಅಲ್ಲ. ಜೂಜಿನ ಕೇಡು ಇರುವುದು ಪಣದಲ್ಲಿ. ಒಬ್ಬನ ಗೆಲುವು ಇನ್ನೊಬ್ಬನ ಸೋಲಿನಿಂದ ಬರುತ್ತದೆ. ಇಲ್ಲಿ ನೌಕರ ಯಾವ ಪಣವನ್ನೂ ಇಡಲಿಲ್ಲ. ಚೀಟಿ ಬಾರದಿದ್ದರೆ ಅವನು ಏನನ್ನೂ ಕಳೆದುಕೊಳ್ಳಲಿಲ್ಲ. ಬೇಗ ಬಂದುದರಿಂದ ದಾರಿಯ ಹದಿನೇಳು ನಿಮಿಷವಂತೂ ಉಳಿಯಿತು. ಆದುದರಿಂದ ಇದನ್ನು ಜೂಜು ಎಂದು ಕರೆಯಲಾಗದು.

ಆದರೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಎಲ್ಲರಿಗೂ ದಿನಕ್ಕೆ ಒಂದಿಷ್ಟು ರೂಪಾಯಿ ಎಂದು ಸಮನಾಗಿ ಹಂಚಬಹುದಿತ್ತಲ್ಲ? ಅದರ ಬದಲಿಗೆ ಅದೃಷ್ಟವೇಕೆ? ಏಕೆಂದರೆ ಹಂಚಿದರೆ ಅದು ಚಿಲ್ಲರೆ. ಚೀಟಿ ಎತ್ತಿದರೆ ಕನಸು. ಅಮೆರಿಕಾದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡದ್ದು ಇದನ್ನೇ. ಪ್ರತಿ ಬಾರಿ ಕುಕ್ಕಿದಾಗಲೂ ಕಾಳು ಸಿಗುವುದಾದರೆ ಪಾರಿವಾಳ ಸಾವಧಾನವಾಗಿರುತ್ತದೆ. ಯಾವಾಗ ಸಿಗುತ್ತದೆಂದು ತಿಳಿಯದಿದ್ದರೆ ಅದು ಬಿಡದೆ ಕುಕ್ಕುತ್ತಿರುತ್ತದೆ. ಜೂಜಿನ ಯಂತ್ರಗಳು ನಿಂತಿರುವುದು ಈ ದೌರ್ಬಲ್ಯದ ಮೇಲೆ. ಕೆಟ್ಟದ್ದಕ್ಕೆ ಬಳಸಿದ ದೌರ್ಬಲ್ಯವನ್ನು ಒಳ್ಳೆಯದಕ್ಕೆ ಬಳಸಿದರೆ ತಪ್ಪೇನು ಎಂದು ಕೇಳಬಹುದು. ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಮನುಷ್ಯನ ಬುದ್ಧಿಯ ಜೊತೆ ಮಾತಾಡುವುದು ಬೇರೆ, ಅವನೊಳಗಿನ ಪಾರಿವಾಳದ ಜೊತೆ ಮಾತಾಡುವುದು ಬೇರೆ. ಎರಡನೆಯದನ್ನು ಮಾಡುವಾಗ ನಾವು ಅದನ್ನೇ ಮಾಡುತ್ತಿದ್ದೇವೆ ಎಂಬ ಎಚ್ಚರವಾದರೂ ಇರಬೇಕು.

ಎರಡನೆಯದು, ಬಹುಮಾನವೂ ದಂಡವೂ ಕೆಲಸದ ಅರ್ಥವನ್ನೇ ಬದಲಿಸಿಬಿಡುತ್ತವೆ ಎಂಬುದು. 1973ರಲ್ಲಿ ಅದೇ ಸ್ಟಾನ್‌ಫರ್ಡಿನ ಶಿಶುವಿಹಾರದಲ್ಲಿ ಒಂದು ಪ್ರಯೋಗ ನಡೆಯಿತು. ಬಣ್ಣದ ಪೆನ್ನುಗಳಿಂದ ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಲಾಯಿತು. ಅವರು ಬಿಡಿಸಿದರು, ಪ್ರಶಸ್ತಿಯೂ ಸಿಕ್ಕಿತು. ಕೆಲವು ದಿನಗಳ ಬಳಿಕ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟಾಗ ಆ ಮಕ್ಕಳ ಆಸಕ್ತಿ ಉಳಿದವರಿಗಿಂತ ಅರ್ಧದಷ್ಟಕ್ಕೆ ಇಳಿದಿತ್ತು. ಆಟವಾಗಿದ್ದದ್ದು ಕೂಲಿಯಾಗಿತ್ತು. ಇನ್ನೊಂದು ಪ್ರಯೋಗ ಇಸ್ರೇಲಿನ ಹೈಫಾ ನಗರದ್ದು, 2000ದಲ್ಲಿ ಪ್ರಕಟವಾಯಿತು. ಶಿಶುಪಾಲನಾ ಕೇಂದ್ರಗಳಿಂದ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಸಣ್ಣ ದಂಡ ವಿಧಿಸಲಾಯಿತು. ತಡವಾಗಿ ಬರುವುದು ಕಡಿಮೆಯಾಗುವ ಬದಲು ಹೆಚ್ಚೂಕಡಿಮೆ ಇಮ್ಮಡಿಯಾಯಿತು. ಅದುವರೆಗೆ ಪೋಷಕರಿಗೆ, ಪಾಪ ಶಿಕ್ಷಕಿ ಕಾಯುತ್ತಿರುತ್ತಾಳೆ ಎಂಬ ಸಂಕೋಚವಿತ್ತು. ದಂಡ ಬಂದ ಮೇಲೆ, ಕಾಯುವುದಕ್ಕೆ ಹಣ ಕೊಡುತ್ತೇವಲ್ಲ ಎಂಬ ಭಾವನೆ ಬಂತು. ದಂಡವನ್ನು ತೆಗೆದ ಬಳಿಕವೂ ಹಳೆಯ ಸಂಕೋಚ ಮರಳಲಿಲ್ಲ. ಸಂಕೋಚ ಎಂಬುದು ಒಮ್ಮೆ ಮಾರಿದರೆ ಮರಳಿ ಕೊಳ್ಳಲಾಗದ ವಸ್ತು.

ಇಲ್ಲೂ ನ್ಯಾಯ ತಪ್ಪಬಾರದು. ಹೊಸೂರು ರಸ್ತೆಯಲ್ಲಿ ಬೆಳಗ್ಗೆ ಎಂಟಕ್ಕೆ ಪ್ರಯಾಣಿಸುವುದು ಮಕ್ಕಳು ಚಿತ್ರ ಬಿಡಿಸಿದಷ್ಟು ಸುಖದ ಕೆಲಸವಲ್ಲ. ಇಲ್ಲದ ಪ್ರೀತಿಯನ್ನು ಬಹುಮಾನ ಹಾಳುಮಾಡಲಾರದು. ಬೇಸರದ ಕೆಲಸಕ್ಕೆ ಸ್ವಲ್ಪ ಆಸೆ ಬೆರೆಸಿದರೆ ನಷ್ಟವಿಲ್ಲ. ಆದರೆ ನೆರೆಯವರನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವುದು, ಮುಪ್ಪಾದ ಸಹೋದ್ಯೋಗಿಗೆ ದಾರಿಯಲ್ಲಿ ನಿಲ್ಲಿಸಿ ಹತ್ತಿಸಿಕೊಳ್ಳುವುದು, ಇವುಗಳಿಗೆ ಈಗಾಗಲೇ ಒಂದು ಹೆಸರಿದೆ. ಅದು ನೆರೆಹೊರೆತನ. ಅದಕ್ಕೂ ಐದು ಎಲೆ ಎಂದು ದರ ಕಟ್ಟಿದ ದಿನ, ಹತ್ತಿಸಿಕೊಂಡವನು ತನಗೆ ಉಪಕಾರ ಮಾಡಿದನೋ ಎಲೆ ಗಳಿಸಿಕೊಂಡನೋ ಎಂಬ ಅನುಮಾನ ಹತ್ತಿದವನಿಗೆ ಬರುತ್ತದೆ. ಎಲೆ ನಿಂತ ದಿನ ಕಾರೂ ನಿಲ್ಲದೆ ಹೋಗಬಹುದು.

ಇಷ್ಟರಲ್ಲಿ ಓದುಗರಲ್ಲಿ ಕೆಲವರು ಆಕ್ಷೇಪ ಎತ್ತಬಹುದು: ಧರ್ಮಗಳು ಮಾಡಿದ್ದೂ ಇದನ್ನೇ ಅಲ್ಲವೇ? ಪುಣ್ಯದ ಲೆಕ್ಕ, ಸವಾಬಿನ ಲೆಕ್ಕ, ಸ್ವರ್ಗದ ಆಸೆ, ನರಕದ ಭಯ. ಇವೂ ಅಂಕಪಟ್ಟಿಗಳೇ ಅಲ್ಲವೇ? ಆಕ್ಷೇಪ ಸರಿಯಾಗಿಯೇ ಇದೆ. ಆದರೆ ಈ ಲೆಕ್ಕದ ಅಪಾಯವನ್ನು ಮೊದಲು ಕಂಡವರೂ ಧರ್ಮದ ಒಳಗಿನವರೇ. ಎಂಟನೆಯ ಶತಮಾನದ ಬಸ್ರಾದ ಸಂತೆ ರಾಬಿಯಾ ಒಂದು ಕೈಯಲ್ಲಿ ಬೆಂಕಿಯನ್ನೂ ಇನ್ನೊಂದು ಕೈಯಲ್ಲಿ ನೀರನ್ನೂ ಹಿಡಿದು ಓಡುತ್ತಿದ್ದಳೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಸ್ವರ್ಗಕ್ಕೆ ಬೆಂಕಿ ಹಚ್ಚಲು, ನರಕವನ್ನು ನಂದಿಸಲು. ಎರಡೂ ಇಲ್ಲವಾದರೆ ಆಗಲಾದರೂ ಜನ ದೇವರನ್ನು ದೇವರಿಗಾಗಿಯೇ ಪ್ರೀತಿಸಿಯಾರು ಎಂಬುದು ಅವಳ ಇಂಗಿತ. ಫಲದ ಹಂಬಲವಿಲ್ಲದ ಕರ್ಮದ ಬಗ್ಗೆ ಭಗವದ್ಗೀತೆ ಹೇಳಿದ್ದೂ ಇದರ ಸಮೀಪದ ಮಾತು. ಅಂದರೆ ಬಹುಮಾನವನ್ನು ಆರಂಭದ ಮೆಟ್ಟಿಲು ಎಂದು ಒಪ್ಪಿದ ಪರಂಪರೆಗಳು, ಅದು ಕೊನೆಯ ಮೆಟ್ಟಿಲಲ್ಲ ಎಂದೂ ಹೇಳಿದವು. ಮಗುವಿಗೆ ಮಿಠಾಯಿ ತೋರಿಸಿ ನಡೆಯಲು ಕಲಿಸಬಹುದು. ಮೂವತ್ತು ವರ್ಷವಾದ ಮೇಲೂ ಮಿಠಾಯಿ ಇಲ್ಲದೆ ನಡೆಯುವುದಿಲ್ಲವೆಂದರೆ ಕಲಿಸಿದ್ದರಲ್ಲಿ ಏನೋ ತಪ್ಪಿದೆ.

ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದು ಹಾವು ಏಣಿಯಾಟದ ಚರಿತ್ರೆಯಲ್ಲಿ. ಇಂದು ಮಕ್ಕಳು ಆಡುವ ಈ ಆಟ ನಮ್ಮ ನೆಲದ್ದು. ಉತ್ತರದಲ್ಲಿ ಅದಕ್ಕೆ ಜ್ಞಾನ ಚೌಪಡ್ ಎಂಬ ಹೆಸರಿತ್ತು. ದಕ್ಷಿಣದಲ್ಲಿ ಪರಮಪದ ಸೋಪಾನ, ವೈಕುಂಠಪಾಳಿ ಎಂಬ ಹೆಸರುಗಳಿದ್ದವು. ವೈಷ್ಣವರಿಗೊಂದು ಪಟ, ಜೈನರಿಗೊಂದು ಪಟ. ಸೂಫಿಗಳಿಗೂ ಇಂತಹದೊಂದು ಪಟವಿತ್ತು. ಜ್ಞಾನಿಗಳ ಚದುರಂಗ ಎಂಬ ಅರ್ಥದಲ್ಲಿ ಅದನ್ನು 'ಶತ್ರಂಜುಲ್ ಆರಿಫೀನ್' ಎಂದು ಕರೆಯುತ್ತಿದ್ದರು. ಈ ಪಟಗಳಲ್ಲಿ ಮನೆಗಳಿಗೆ ಬರೀ ಸಂಖ್ಯೆಗಳಷ್ಟೇ ಇರಲಿಲ್ಲ, ಹೆಸರುಗಳೂ ಇದ್ದವು. ಏಣಿಯ ಬುಡದಲ್ಲಿ ದಯೆ, ದಾನ, ಭಕ್ತಿ, ವಿವೇಕ. ಹಾವಿನ ಬಾಯಲ್ಲಿ ಅಹಂಕಾರ, ಲೋಭ, ಮತ್ಸರ. ಹಲವು ಹಳೆಯ ಪಟಗಳಲ್ಲಿ ಏಣಿಗಳಿಗಿಂತ ಹಾವುಗಳೇ ಹೆಚ್ಚು. ಬದುಕು ಕಂಡವರು ಬರೆದ ಪಟ ಅದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಆಟ ಇಂಗ್ಲೆಂಡಿಗೆ ಹೋಯಿತು. ಅಲ್ಲಿ ಮೊದಮೊದಲು ಕ್ರೈಸ್ತ ನೀತಿಯ ಚಿತ್ರಗಳಿದ್ದವು. 1943ರಲ್ಲಿ ಅಮೆರಿಕಾದಲ್ಲಿ ಹಾವುಗಳು ಜಾರುಬಂಡೆಗಳಾದವು. ನಿಧಾನವಾಗಿ ಹೆಸರುಗಳು ಅಳಿದು ಸಂಖ್ಯೆಗಳು ಮಾತ್ರ ಉಳಿದವು. ಕೊನೆಗೆ ಅದು ಪ್ರಯಾಣಿಕರ ಗಣಕದ ಪರದೆಗೆ ಬಂದಾಗ ಏಣಿಗೆ ಹೆಸರೂ ಇರಲಿಲ್ಲ, ಹಾವಿಗೆ ಅರ್ಥವೂ ಇರಲಿಲ್ಲ.

ಹಳೆಯ ಆಟದಲ್ಲೂ ಕವಡೆ ಬೀಳುವುದು ಅದೃಷ್ಟದಿಂದಲೇ. ಆದರೆ ಬಿದ್ದ ಪ್ರತಿ ಮನೆಯ ಹೆಸರನ್ನು ಓದಬೇಕಿತ್ತು. ಮೇಲೇರಿದ್ದು ಯಾವ ಗುಣದಿಂದ, ಕೆಳಗೆ ಜಾರಿದ್ದು ಯಾವ ದೋಷದಿಂದ ಎಂದು ಆಡುವ ಮಗುವಿಗೆ ತಿಳಿಯುತ್ತಿತ್ತು. ಆಟ ಮುಗಿದ ಮೇಲೂ ಹೆಸರುಗಳು ತಲೆಯಲ್ಲಿ ಉಳಿಯುತ್ತಿದ್ದವು. ಎಲೆ ಗಳಿಸುವ ನಮ್ಮ ಯುವಕನ ತಲೆಯಲ್ಲಿ ಉಳಿಯುವುದೇನು? ಎರಡನೆಯ ಸ್ಥಾನ. ಇದು ಅವನ ತಪ್ಪಲ್ಲ. ಆಟ ಅವನಿಗೆ ಬೇರೇನನ್ನೂ ಓದಲು ಕೊಡಲಿಲ್ಲ.

ಈಗ ಅವನ ಫೋನಿನ ವಿಷಯಕ್ಕೆ ಬರುತ್ತೇನೆ. ಅವರ ಮಹಡಿಯನ್ನು ಗುಡಿಸುವ ಮಹಿಳೆ ಎರಡು ಬಸ್ಸು ಬದಲಿಸಿ, ಕೊನೆಯ ಒಂದೂವರೆ ಕಿಲೋಮೀಟರ್ ನಡೆದು ಬರುತ್ತಾಳಂತೆ. ಅವಳ ಗಂಡ ಕಾವಲುಗಾರ, ಸೈಕಲಿನಲ್ಲಿ ಓಡಾಡುತ್ತಾನೆ. ಇಬ್ಬರ ಬಳಿಯೂ ಒಂದು ಎಲೆಯೂ ಇಲ್ಲ. ಏಕೆಂದರೆ ಅವಳು ಗುತ್ತಿಗೆ ಏಜೆನ್ಸಿಯ ನೌಕರಳು. ಕಂಪೆನಿಯ ಆಟದಲ್ಲಿ ಅವಳಿಗೆ ಹೆಸರು ನೋಂದಾಯಿಸಲು ಅವಕಾಶವಿಲ್ಲ. "ಒಂದು ವೇಳೆ ಅವಕಾಶ ಇದ್ದಿದ್ದರೆ ನಮ್ಮನ್ನೆಲ್ಲ ಹಿಂದೆ ಹಾಕಿ ಮೊದಲ ಸ್ಥಾನದಲ್ಲಿ ಇರುತ್ತಿದ್ದರು" ಎಂದು ಅವನು ಹೇಳಿದ. ಅವನ ದನಿಯಲ್ಲಿ ನಗೆಯಿರಲಿಲ್ಲ.

ನನಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ ಎನಿಸುತ್ತದೆ. 2011ರ ಜನಗಣತಿಯಲ್ಲಿ ದೇಶದ ದುಡಿಯುವ ಜನ ಕೆಲಸಕ್ಕೆ ಹೇಗೆ ಹೋಗುತ್ತಾರೆ ಎಂಬ ಲೆಕ್ಕವಿದೆ. ಅದರಲ್ಲಿ ಕಾರಿನವರದು ಬಹಳ ಸಣ್ಣ ಗುಂಪು. ನಡೆದು ಹೋಗುವವರು, ಸೈಕಲ್ ತುಳಿಯುವವರು, ಬಸ್ಸು ಹಿಡಿಯುವವರು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಬೊಮ್ಮನಹಳ್ಳಿಯ, ಪೀಣ್ಯದ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಊಟದ ಡಬ್ಬಿ ಹಿಡಿದು ಗುಂಪಾಗಿ ನಡೆದು ಹೋಗುವುದನ್ನು ಬೆಳಗ್ಗೆ ಯಾರು ಬೇಕಾದರೂ ನೋಡಬಹುದು. 'ಸುಸ್ಥಿರ ಪ್ರಯಾಣ' ಎಂಬ ಪದವನ್ನು ಅವರು ಕೇಳಿಲ್ಲ. ಆದರೆ ಅದನ್ನು ದಿನವೂ ಮಾಡುತ್ತಿರುವವರು ಅವರೇ. ಬಡತನದಿಂದ ಮಾಡುತ್ತಾರೆ, ಆಯ್ಕೆಯಿಂದಲ್ಲ ಎನ್ನಬಹುದು. ನಿಜ. ಆದರೆ ಬಹುಮಾನದ ಆಸೆಯಿಂದ ಮಾಡುವವನ ಉದ್ದೇಶವನ್ನು ಕೇಳಬಾರದು, ಗಾಳಿ ಉದ್ದೇಶ ಕೇಳುವುದಿಲ್ಲ ಎಂದು ಈಗಷ್ಟೇ ಒಪ್ಪಿದ್ದೇವೆ. ಹಾಗಿದ್ದರೆ ಬಡವಳ ಉದ್ದೇಶವನ್ನು ಮಾತ್ರ ಏಕೆ ಕೇಳಬೇಕು? ಒಂದೇ ಅಳತೆಗೋಲು ಇಬ್ಬರಿಗೂ ಸಲ್ಲಬೇಕು.

ಇಂತಹ ಬಹುಪಾಲು ಆಟಗಳು ಅಳೆಯುವುದು ಬದಲಾವಣೆಯನ್ನು. ಕಾರು ಬಿಟ್ಟವನಿಗೆ ಅಂಕ. ಬಿಡಬೇಕಾದರೆ ಮೊದಲು ಕಾರು ಇರಬೇಕು! ಮೊದಲಿನಿಂದಲೂ ಸರಿಯಾಗಿ ನಡೆದವರು ಆಟದ ಹೊರಗೆ. ತಪ್ಪಿ ನಡೆದವನು ತಿದ್ದಿಕೊಂಡರೆ ಚಪ್ಪಾಳೆ. ತಪ್ಪದೆ ನಡೆದವಳಿಗೆ ಯಾರ ನೋಟವೂ ಇಲ್ಲ. ತಿದ್ದಿಕೊಂಡವನನ್ನು ಮೆಚ್ಚುವುದು ಬೇಡವೆಂದಲ್ಲ. ಆದರೆ ಆ ಮೆಚ್ಚುಗೆಯ ಸದ್ದಿನಲ್ಲಿ ಒಂದು ಸುಳ್ಳು ಹುಟ್ಟುತ್ತದೆ: ಪರಿಸರವನ್ನು ಉಳಿಸುತ್ತಿರುವವರು ಕಾರಿದ್ದವರು ಎಂಬ ಸುಳ್ಳು.

ಬೇಗ ಬಂದವರಿಗೆ ಅಂಕ ಎಂಬ ನಿಯಮವೂ ಎಲ್ಲರಿಗೆ ಸಮನಾದದ್ದಲ್ಲ. ಒಂಟಿ ಯುವಕ ಆರೂವರೆಗೆ ಮನೆ ಬಿಡಬಲ್ಲ. ಮಗುವಿಗೆ ತಿಂಡಿ ತಿನ್ನಿಸಿ ಶಾಲೆಯ ವ್ಯಾನಿಗೆ ಹತ್ತಿಸಬೇಕಾದ ತಾಯಿ ಬಿಡಲಾರಳು. ಅವಳು ಸೋಮಾರಿಯೆಂದು ಪಟ್ಟಿ ಹೇಳುವುದಿಲ್ಲ. ಆದರೆ ಪಟ್ಟಿಯಲ್ಲಿ ಅವಳ ಹೆಸರು ಎಲ್ಲಿರುತ್ತದೆಂದು ಎಲ್ಲರೂ ನೋಡುತ್ತಾರೆ.

ಇನ್ನೊಂದು ಸಂಗತಿಯಿದೆ. ಈ ಎಲೆಗಳ ಆಟ ಶುರುವಾಗುವುದಕ್ಕೆ ಎಷ್ಟೋ ಮೊದಲೇ ಆ ಕಂಪೆನಿಯಲ್ಲಿ ಮತ್ತೊಂದು ಆಟ ನಡೆಯುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ ಅಷ್ಟೇ. ನೆಲಮಾಳಿಗೆಯಲ್ಲಿ ಒಂದು ಕಾರು ನಿಲ್ಲಿಸಲು, ಅದು ಒಳಹೊರಗೆ ಓಡಾಡುವ ದಾರಿಯನ್ನೂ ಸೇರಿಸಿ, ನಮ್ಮ ಯೋಜನಾ ನಿಯಮಗಳು ಹಿಡಿಯುವ ಲೆಕ್ಕ ಸುಮಾರು 32 ಚದರ ಮೀಟರ್. ಎಷ್ಟೋ ಬಡ ಕುಟುಂಬಗಳ ಇಡೀ ಮನೆ ಅಷ್ಟಿರುವುದಿಲ್ಲ. ಬೆಂಗಳೂರಿನಂತಹ ಊರಿನಲ್ಲಿ ಈ ಜಾಗವನ್ನು ಕಾರಿನಲ್ಲಿ ಬಂದವನಿಗೆ ಪುಕ್ಕಟೆಯಾಗಿ ಕೊಡುವುದು ದಿನವೂ ಕೊಡುವ ಬಹುಮಾನವಲ್ಲದೆ ಇನ್ನೇನು? ಬಸ್ಸಿನಲ್ಲಿ ಬಂದವಳಿಗೆ ಅದರ ಬದಲು ಏನು ಕೊಟ್ಟಿದ್ದಾರೆ? ದೊಡ್ಡ ಬಹುಮಾನವನ್ನು ಸದ್ದಿಲ್ಲದೆ ಕಾರಿಗೆ ಕೊಟ್ಟು, ಸಣ್ಣ ಬಹುಮಾನವನ್ನು ಸದ್ದು ಮಾಡಿ ಸೈಕಲಿಗೆ ಕೊಡುವುದನ್ನು ಪ್ರೋತ್ಸಾಹ ಎನ್ನಲಾಗದು.

ಈ ಮಾತನ್ನು ಜೀವಮಾನವಿಡೀ ಹೇಳಿದವರು ಕ್ಯಾಲಿಫೋರ್ನಿಯಾದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್, 2025ರಲ್ಲಿ ತೀರಿಕೊಂಡರು. ಆ ರಾಜ್ಯದಲ್ಲಿ 1992ರಲ್ಲಿ ಒಂದು ಕಾನೂನು ಬಂತು. ಹೊರಗಿನಿಂದ ಬಾಡಿಗೆಗೆ ಪಡೆದ ನಿಲುಗಡೆ ಜಾಗವನ್ನು ನೌಕರರಿಗೆ ಉಚಿತವಾಗಿ ಕೊಡುವ ಕಂಪೆನಿ, ಅದು ಬೇಡವೆಂದವರಿಗೆ ಅದರ ಬೆಲೆಯನ್ನು ನಗದಾಗಿ ಕೊಡಬೇಕು. ಸಣ್ಣ ಕಂಪೆನಿಗಳಿಗೆ ಇದರಿಂದ ವಿನಾಯಿತಿಯಿದೆ. ಇದನ್ನು ಜಾರಿಗೆ ತಂದ ಎಂಟು ಕಂಪೆನಿಗಳನ್ನು ಶೂಪ್ 1990ರ ದಶಕದಲ್ಲಿ ಅಧ್ಯಯನ ಮಾಡಿದರು. ಒಬ್ಬರೇ ಕಾರಿನಲ್ಲಿ ಬರುವವರ ಸಂಖ್ಯೆ ಶೇಕಡಾ 17ರಷ್ಟು ಇಳಿದಿತ್ತು. ಇಲ್ಲಿ ಎಲೆಯಿಲ್ಲ, ಪದಕವಿಲ್ಲ, ಅದೃಷ್ಟವಿಲ್ಲ. ಕಾರಿನವನಿಗೆ ಕೊಡುವುದನ್ನು ಕಾಲ್ನಡಿಗೆಯವನಿಗೂ ಕೊಡಿ ಎಂಬ ಸಾದಾ ಮಾತು. ಇದನ್ನು ಬಹುಮಾನ ಎನ್ನುವುದಕ್ಕಿಂತ ಹಕ್ಕು ಎನ್ನುವುದೇ ಸರಿ. ಬಹುಮಾನ ಪಡೆದವನು ಕೊಟ್ಟವನಿಗೆ ಋಣಿಯಾಗುತ್ತಾನೆ. ಹಕ್ಕು ಪಡೆದವನು ತಲೆಯೆತ್ತಿ ನಡೆಯುತ್ತಾನೆ.

ಆಟದ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಡಚ್ ಇತಿಹಾಸಕಾರ ಯೊಹಾನ್ ಹೌಝಿಂಗಾ 1938ರಲ್ಲಿ ಆಟದ ಬಗ್ಗೆಯೇ ಒಂದು ಗ್ರಂಥ ಬರೆದರು. ಆಟದ ಮೊದಲ ಲಕ್ಷಣ ಸ್ವಇಚ್ಛೆ ಎಂಬುದು ಅವರ ನಿಲುವು. ಒತ್ತಾಯದ ಆಟ ಆಟವಲ್ಲ. ವರ್ಷದ ಕೊನೆಗೆ ಬಡ್ತಿ ನಿರ್ಧರಿಸುವ ಮೇಲಧಿಕಾರಿಯೇ ಆಟಕ್ಕೆ ಕರೆದರೆ ಬೇಡವೆನ್ನಲು ಎಷ್ಟು ಮಂದಿಗೆ ಧೈರ್ಯವಿದೆ? ಅದರ ಮೇಲೆ ಈ ಆಟಕ್ಕೆ ನಾವು ಎಲ್ಲಿಂದ ಹೊರಟೆವು, ಎಷ್ಟು ಹೊತ್ತಿಗೆ ಹೊರಟೆವು, ದಾರಿಯಲ್ಲಿ ಎಲ್ಲಿ ನಿಂತೆವು ಎಂಬುದೆಲ್ಲ ಮೊಬೈಲಿನಿಂದ ತಿಳಿಯಬೇಕು. ಕಚೇರಿಯ ಬಾಗಿಲಲ್ಲಿ ಗಂಟೆ ನೋಡುವುದು ಹಳೆಯ ಹಾಜರಿ ಪುಸ್ತಕಕ್ಕೂ ಗೊತ್ತಿತ್ತು. ಮನೆಯ ಹೊಸ್ತಿಲಿನಿಂದಲೇ ಹಿಂಬಾಲಿಸುವುದು ಹೊಸದು. ಆಸ್ಪತ್ರೆಗೆ ಹೋದವನು, ಬೇರೆ ಕೆಲಸದ ಸಂದರ್ಶನಕ್ಕೆ ಹೋದವನು, ಪ್ರಾರ್ಥನೆಗೆಂದು ಇಳಿದವನು ತನ್ನ ದಾರಿಯನ್ನು ಮಾಲಕನಿಗೆ ಏಕೆ ತೋರಿಸಬೇಕು? ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ನಮ್ಮ ದೇಶದಲ್ಲಿ 2023ರಲ್ಲಿ ಕಾಯ್ದೆಯೇನೋ ಬಂದಿದೆ. ಆದರೆ ಒಪ್ಪಿಗೆ ಎಂಬುದಕ್ಕೆ ಅರ್ಥ ಬರುವುದು ಬೇಡ ಎನ್ನಲು ಸಾಧ್ಯವಿದ್ದಾಗ ಮಾತ್ರ.

ಹಾಗಾದರೆ ಆಟ ಬೇಡವೇ? ಬೇಡವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅಭ್ಯಾಸ ಮುರಿಯುವುದು ಕಷ್ಟದ ಕೆಲಸ. ಬಸ್ಸನ್ನೇ ಹತ್ತದವನನ್ನು ಒಮ್ಮೆ ಹತ್ತಿಸಲು ಸಣ್ಣ ಆಸೆಯೊಂದು ಸಾಕಾದರೆ ಅದು ಬರಲಿ. ಆದರೆ ಹತ್ತಿದವನಿಗೆ ಬಸ್ಸು ಇರಬೇಕಲ್ಲ? 2010ರಲ್ಲಿ ಬೆಂಗಳೂರಿನ ಸಾರಿಗೆ ಸಂಸ್ಥೆ ತಿಂಗಳ ನಾಲ್ಕನೆಯ ತಾರೀಕನ್ನು 'ಬಸ್ ದಿನ' ಎಂದು ಘೋಷಿಸಿತು; ಅಂದು ಸ್ವಂತ ವಾಹನ ಬಿಟ್ಟು ಬನ್ನಿ ಎಂದು ಕರೆಕೊಟ್ಟಿತು. ಒಳ್ಳೆಯ ಕರೆ. ಆದರೆ ಉಳಿದ ಇಪ್ಪತ್ತೊಂಬತ್ತು ದಿನಗಳ ನಿರ್ಧಾರವಾಗುವುದು ಕರೆಯಿಂದಲ್ಲ, ಬಸ್ಸು ಎಷ್ಟು ನಿಮಿಷಕ್ಕೊಮ್ಮೆ ಬರುತ್ತದೆ ಎಂಬುದರಿಂದ. 2023ರ ಜೂನ್‌ನಲ್ಲಿ ರಾಜ್ಯದ ಮಹಿಳೆಯರಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದಾಗ ಯಾರೂ ಅಂಕಪಟ್ಟಿ ಕೊಡಲಿಲ್ಲ. ಬಾಗಿಲು ತೆರೆದರು, ಹೆಂಗಸರು ಹತ್ತಿದರು. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಮೆಟ್ರೋ ಬಂತು. ಹದಿನೇಳು ವರ್ಷಗಳ ಹಿಂದೆ ಚೀಟಿ ಎತ್ತಿ ಜನರನ್ನು ಬೇಗ ಹೊರಡಿಸಬೇಕಾಗಿದ್ದ ಅದೇ ಹಾದಿಯ ನೆತ್ತಿಯ ಮೇಲೆ ಈಗ ರೈಲು ಓಡುತ್ತಿದೆ. ಚೀಟಿ ಎತ್ತುವುದು ನಿಂತ ಮೇಲೂ ರೈಲು ಅಲ್ಲಿರುತ್ತದೆ.

ಆದುದರಿಂದ ಆಟ ನಡೆಸುವವರಿಗೆ ನಾನು ಕೇಳುವ ಪ್ರಶ್ನೆಗಳು ಇಷ್ಟೇ. ಈ ಆಟದಲ್ಲಿ ಕಸ ಗುಡಿಸುವವರಿಗೂ ಕಾವಲು ಕಾಯುವವರಿಗೂ ಜಾಗವಿದೆಯೇ? ಬೇಡವೆಂದವನಿಗೆ ನಷ್ಟವಿಲ್ಲವೇ? ಕಾರಿಗೆ ಕೊಡುವ ಗುಪ್ತ ಬಹುಮಾನವನ್ನು ಮೊದಲು ಲೆಕ್ಕಕ್ಕೆ ತಂದಿದ್ದೀರಾ? ಬಸ್ ನಿಲ್ದಾಣದಿಂದ ನಿಮ್ಮ ಗೇಟಿನವರೆಗಿನ ಕಾಲುದಾರಿಯಲ್ಲಿ ಕತ್ತಲಾದ ಮೇಲೆ ಒಬ್ಬ ಹೆಂಗಸು ನಡೆದು ಬರಬಹುದೇ? ಏಣಿಗಳ ಮೇಲೆ ಹೆಸರು ಬರೆದಿದ್ದೀರಾ? ಅಂದರೆ ತಾನು ಕಾರು ಬಿಟ್ಟುದರಿಂದ ಯಾರ ಉಸಿರು ಹಗುರವಾಯಿತೆಂದು ನಿಮ್ಮ ನೌಕರನಿಗೆ ಗೊತ್ತಾಗುತ್ತದೆಯೇ?

ಆ ಯುವಕ ಮೊನ್ನೆ ಮತ್ತೆ ಸಿಕ್ಕಿದ್ದ. ಗುತ್ತಿಗೆ ನೌಕರರನ್ನೂ ಆಟಕ್ಕೆ ಸೇರಿಸಿ ಎಂದು ಅವನ ತಂಡದವರು ಕಂಪೆನಿಗೆ ಪತ್ರ ಬರೆದಿದ್ದಾರಂತೆ. ಉತ್ತರ ಇನ್ನೂ ಬಂದಿಲ್ಲ. ಅದರ ಜೊತೆಗೆ, ಆ ಕೊನೆಯ ಒಂದೂವರೆ ಕಿಲೋಮೀಟರಿಗೆ ಕಂಪೆನಿಯ ವ್ಯಾನು ಹಾಕಿ ಎಂದೂ ಕೇಳಿದ್ದಾರಂತೆ. "ಅದಕ್ಕೆ ನಿಮಗೆ ಎಷ್ಟು ಎಲೆ ಸಿಗುತ್ತದೆ?" ಎಂದು ನಾನು ತಮಾಷೆ ಮಾಡಿದೆ. "ಅದು ಆಟದಲ್ಲಿ ಇಲ್ಲ" ಎಂದ. ಅವನೀಗ ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗುತ್ತಾನೆ. ಕೆಲವೊಮ್ಮೆ ಎರಡನೆಯ ಬಸ್ಸಿನಲ್ಲಿ ಆ ಮಹಿಳೆಯೂ ಸಿಗುತ್ತಾಳಂತೆ. ಇಬ್ಬರೂ ಒಂದೇ ದಾರಿಯಲ್ಲಿ ನಡೆದು ಗೇಟು ತಲುಪುತ್ತಾರೆ. ಗೇಟಿನಲ್ಲಿ ಅವನ ಮೊಬೈಲು 'ಟಿಂಗ್' ಎನ್ನುತ್ತದೆ. ಅವಳು ಒಳಗೆ ಹೋಗಿ ಪೊರಕೆ ಹಿಡಿಯುತ್ತಾಳೆ.